ಕೆಲಸ ಕೇಳುವ ಮೊದಲು ಕೆಲಸದ ಬಗ್ಗೆ ಕೇಳಿ

"ಸರ್, ನಾನು ಫೈನಲ್ ಇಯರ್. ನಿಮ್ಮ ಕಂಪನಿಯಲ್ಲಿ ಓಪನಿಂಗ್ ಇದ್ದರೆ ದಯವಿಟ್ಟು ರೆಫರ್ ಮಾಡಿ. ರೆಸ್ಯೂಮೆ ಕಳಿಸಿದ್ದೇನೆ."

ಇಂಥ ಮೆಸೇಜುಗಳು ನನಗೆ ಬರುತ್ತಲೇ ಇರುತ್ತವೆ. ಕಳಿಸುವವರ ಮೇಲೆ ನನಗೆ ಬೇಜಾರೇನಿಲ್ಲ. ನೆಟ್‌ವರ್ಕಿಂಗ್ ಮಾಡಿ, ನೆಟ್‌ವರ್ಕಿಂಗ್ ಮಾಡಿ ಅಂತ ಕಾಲೇಜಿಗೆ ಬಂದ ಅತಿಥಿಗಳೆಲ್ಲ ಭಾಷಣ ಮಾಡಿ ಹೋಗಿರುತ್ತಾರೆ. ಹೇಗೆ ಮಾಡಬೇಕು ಅಂತ ಹೇಳಿರುವುದಿಲ್ಲ. ಆದರೆ ಆ ಮೆಸೇಜ್ ಇಟ್ಟುಕೊಂಡು ನಾನೇನು ಮಾಡಲಿ ಹೇಳಿ? ಯಾವ ಕೆಲಸ ಬೇಕು ಅಂತ ಅದರಲ್ಲಿಲ್ಲ. ನನಗೇ ಯಾಕೆ ಬರೆದರು ಅಂತಲೂ ಇಲ್ಲ. ರೆಫರ್ ಮಾಡುವುದು ಅಂದರೆ ಇವರನ್ನು ನಾನು ಬಲ್ಲೆ ಅಂತ ನನ್ನ ಹೆಸರು ಹಾಕಿ ಹೇಳುವುದು. ಒಂದು ಸಲವೂ ಮಾತಾಡದವರ ಬಗ್ಗೆ ಹಾಗೆ ಹೇಳಲು ಯಾರಿಗೂ ಧೈರ್ಯ ಬರುವುದಿಲ್ಲ. ಇಲ್ಲ ಅನ್ನಲೂ ಮನಸ್ಸಾಗುವುದಿಲ್ಲ. ಹಾಗಾಗಿ ಮೆಸೇಜ್ ಅಲ್ಲೇ ಉಳಿಯುತ್ತದೆ, ಅದರ ಮೇಲೆ ಇನ್ನಷ್ಟು ಮೆಸೇಜ್ ಬಂದು ಕೂರುತ್ತವೆ.

ನನಗನ್ನಿಸುವುದು ಇಷ್ಟು. ಕಾಲೇಜಿನಲ್ಲಿದ್ದು, ಮುಂದೇನು ಅಂತ ಇನ್ನೂ ತೀರ್ಮಾನ ಆಗದವರಿಗೆ ಮೊದಲು ಬೇಕಾಗಿರುವುದು ರೆಫರಲ್ ಅಲ್ಲ. ಯಾವ ಕೆಲಸದಲ್ಲಿ ದಿನ ಹೇಗೆ ಕಳೆಯುತ್ತದೆ ಅನ್ನುವ ಮಾಹಿತಿ. ಇದು ಜಾಹೀರಾತಿನಲ್ಲಿ ಸಿಗುವುದಿಲ್ಲ, ಕಂಪನಿಯ ವೆಬ್‌ಸೈಟಿನಲ್ಲಿ ಸಿಗುವುದಿಲ್ಲ, ಕಾಲೇಜಿನ ಸಿಲಬಸ್‌ನಲ್ಲಂತೂ ಇಲ್ಲವೇ ಇಲ್ಲ. ಡೇಟಾ ಅನಲಿಸ್ಟ್ ಅಂದರೆ ಬಣ್ಣಬಣ್ಣದ ಗ್ರಾಫ್ ಮಾಡುವವರು ಅಂದುಕೊಂಡು ಹೋಗುತ್ತಾರೆ. ಅಲ್ಲಿ ನೋಡಿದರೆ ಮುಕ್ಕಾಲು ದಿನ ಬೇರೆಯವರು ಅಡ್ಡಾದಿಡ್ಡಿ ತುಂಬಿಟ್ಟ ಎಕ್ಸೆಲ್ ಶೀಟ್ ಸರಿ ಮಾಡುವುದು, ಎರಡು ವಿಭಾಗದವರ ಲೆಕ್ಕ ಯಾಕೆ ತಾಳೆ ಆಗುತ್ತಿಲ್ಲ ಅಂತ ಫೋನ್ ಮಾಡಿ ಮಾಡಿ ಕೇಳುವುದು. ವಕೀಲರ ಕೆಲಸದಲ್ಲಿ ಕೋರ್ಟಿನ ವಾದಕ್ಕಿಂತ ಓದುವುದು, ಬರೆಯುವುದು, ಕಾಯುವುದೇ ಜಾಸ್ತಿ. ಲ್ಯಾಬಿನಲ್ಲಿ ಸಂಶೋಧನೆ ಮಾಡುವವರು ಕೈಕೊಟ್ಟ ಪ್ರಯೋಗವನ್ನೇ ಮತ್ತೆ ಮತ್ತೆ ಮಾಡುತ್ತಾರೆ, ಉಳಿದ ಹೊತ್ತಿನಲ್ಲಿ ಅನುದಾನಕ್ಕೆ ಅರ್ಜಿ ಬರೆಯುತ್ತಾರೆ. ಸಿವಿಲ್ ಎಂಜಿನಿಯರ್ ಅಂತ ಒಂದೇ ಹೆಸರಿದ್ದರೂ ಬಿಸಿಲಲ್ಲಿ ಸೈಟಿನಲ್ಲಿ ನಿಂತು ಕಂಟ್ರಾಕ್ಟರ್ ಜೊತೆ ಜಗ್ಗಾಡುವವರ ಬದುಕೇ ಬೇರೆ, ಡಿಸೈನ್ ಆಫೀಸಿನಲ್ಲಿ ಕೂತವರದೇ ಬೇರೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಎಕ್ಸೆಲ್ ಶೀಟ್ ಸರಿ ಮಾಡುವುದರಲ್ಲಿ ಖುಷಿ ಕಾಣುವವರು ನನಗೇ ಗೊತ್ತು. ನಿಮಗೆ ಅದು ಖುಷಿ ಕೊಡುತ್ತದಾ ಅನ್ನುವುದು ಸೇರುವ ಮೊದಲೇ ಗೊತ್ತಾದರೆ ಒಳ್ಳೆಯದು, ಅಲ್ವಾ?

ಅದನ್ನು ಹೇಳಬಲ್ಲವರು ಆ ಕೆಲಸ ಮಾಡುತ್ತಿರುವವರು ಮಾತ್ರ. ಅವರನ್ನು ಹುಡುಕಿ ಮಾತಾಡಿಸುವುದಕ್ಕೇ ನಾನು ನೆಟ್‌ವರ್ಕಿಂಗ್ ಅನ್ನುವುದು. ಕೋಟು ಹಾಕಿಕೊಂಡು ಕಾರ್ಡ್ ಹಂಚುವುದು, ಲಿಂಕ್ಡ್‌ಇನ್‌ನಲ್ಲಿ 500 ಜನ ಸೇರಿಸುವುದು, ಸಿಕ್ಕ ಸಿಕ್ಕ ಪೋಸ್ಟಿಗೆಲ್ಲ "ಕಂಗ್ರಾಟ್ಸ್" ಅಂತ ಹಾಕುವುದು, ಇವುಗಳಿಂದ ಯಾರಿಗೆ ಏನು ಸಿಕ್ಕಿದೆಯೋ ನಾನಂತೂ ನೋಡಿಲ್ಲ.

ಸರಿ, ಯಾರನ್ನು ಮಾತಾಡಿಸಬೇಕು? ನಮ್ಮ ಆಪ್ತರನ್ನೇ ಮೊದಲು ಕೇಳೋಣ ಅನ್ನಿಸುತ್ತದೆ. ಅದರಲ್ಲಿ ಒಂದು ತೊಡಕಿದೆ. ಆಪ್ತ ಸ್ನೇಹಿತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಅದೇ ಕ್ಲಾಸು, ಅದೇ ವಾಟ್ಸಾಪ್ ಗ್ರೂಪು, ಅದೇ ಸುದ್ದಿ. ಹೊಸ ವಿಷಯ ಬರುವುದು ಸ್ವಲ್ಪ ದೂರದ ಪರಿಚಯಗಳಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಇದೇ ವಿಷಯದ ಮೇಲೆ ಲೇಖನ ಬರೆದರು. ಬಾಸ್ಟನ್ ಪಕ್ಕದ ಒಂದು ಊರಿನಲ್ಲಿ, ಆಗಷ್ಟೇ ಕೆಲಸ ಬದಲಿಸಿದ್ದ ಜನರನ್ನು ಅವರು ಮಾತಾಡಿಸಿದ್ದರು. ಪರಿಚಯದವರಿಂದ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಪದೇ ಪದೇ ಭೇಟಿ ಮಾಡುತ್ತಿದ್ದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದವರು ಶೇ 55.6. ವರ್ಷಕ್ಕೊಮ್ಮೆಯೋ ಅದಕ್ಕಿಂತಲೂ ಅಪರೂಪಕ್ಕೋ ನೋಡುತ್ತಿದ್ದವರು ಶೇ 27.8. ಅದು ಸಣ್ಣ ಸಮೀಕ್ಷೆ, ನಿಜ. ಆದರೆ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಬಹಳ ದೊಡ್ಡದು. ಲಿಂಕ್ಡ್‌ಇನ್ ತನ್ನ ಎರಡು ಕೋಟಿಗೂ ಹೆಚ್ಚು ಬಳಕೆದಾರರಿಗೆ ಐದು ವರ್ಷ ಬೇರೆ ಬೇರೆ ರೀತಿಯ ಪರಿಚಯಗಳನ್ನು ಸೂಚಿಸಿ, ಯಾವುದರಿಂದ ಕೆಲಸ ಬದಲಾಯಿತು ಅಂತ ಸಂಶೋಧಕರು ನೋಡಿದರು. ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದವರೇ ಹೆಚ್ಚು ಉಪಯೋಗಕ್ಕೆ ಬಂದರು. ಆದರೆ ಇಬ್ಬರಿಗೂ ಗೊತ್ತಿರುವವರು ಮಧ್ಯೆ ಯಾರೂ ಇಲ್ಲದ, ತೀರಾ ದೂರದವರು ಅಷ್ಟೊಂದು ಉಪಯೋಗಕ್ಕೆ ಬರಲಿಲ್ಲ.

ಇದು ವಿದ್ಯಾರ್ಥಿಗಳಿಗೆ ಒಳ್ಳೆಯ ಸುದ್ದಿ ಅಂತ ನನ್ನ ಲೆಕ್ಕ. ಯಾಕೆಂದರೆ ಒಬ್ಬಿಬ್ಬರು ಮಧ್ಯೆ ಇರುವಂಥ ಪರಿಚಯಗಳು ನಿಮ್ಮ ಹತ್ತಿರ ಈಗಾಗಲೇ ಇವೆ. ಎರಡು ವರ್ಷದ ಹಿಂದೆ ಪಾಸಾಗಿ ಹೋದ ಸೀನಿಯರ್. ನಿಮ್ಮ ಲೆಕ್ಚರರ್ ಹತ್ತಿರ ಪ್ರಾಜೆಕ್ಟ್ ಮಾಡಿದ್ದ ಹಳೆಯ ವಿದ್ಯಾರ್ಥಿ. ರೂಮ್‌ಮೇಟ್‌ನ ಅಕ್ಕ. ಸ್ಕೂಲಿನಲ್ಲಿ ಒಟ್ಟಿಗೆ ಓದಿ ಬೇರೆ ಕೋರ್ಸಿಗೆ ಹೋದವರು. ಕಾಲೇಜಿಗೆ ಬಂದು ಒಂದು ಗಂಟೆ ಪಾಠ ಮಾಡಿ ಹೋದ ಅತಿಥಿ. ಇವರೆಲ್ಲ 'ನಿಮ್ಮವರು' ಅಂತ ನಿಮಗೆ ಅನ್ನಿಸಿರುವುದಿಲ್ಲ ಅಷ್ಟೇ.

ನನ್ನ ಸಲಹೆ, ಮೊದಮೊದಲು ನಿಮಗಿಂತ ಎರಡರಿಂದ ಐದು ವರ್ಷ ಮುಂದಿರುವವರನ್ನು ಹಿಡಿಯಿರಿ. ಎಲ್ಲರೂ ಸೀದಾ ಸಿಇಒಗೆ ಬರೆಯುತ್ತಾರೆ, ಅದು ಬೇಡ. ಇಪ್ಪತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದವರಿಗೆ ಈಗ ಫ್ರೆಶರ್‌ಗಳನ್ನು ಹೇಗೆ ಆರಿಸುತ್ತಾರೆ ಅನ್ನುವುದು ನಿಜಕ್ಕೂ ಗೊತ್ತಿರುವುದಿಲ್ಲ, ಅವರು ತಮ್ಮ ಕಾಲದ ಕಥೆ ಹೇಳುತ್ತಾರೆ. ಹೊಸದಾಗಿ ಸೇರಿದವರಿಗೆ ಇಂಟರ್‌ವ್ಯೂ ಇನ್ನೂ ನೆನಪಿರುತ್ತದೆ. ಮೊದಲ ವರ್ಷ ಏನು ಕಷ್ಟ ಆಯಿತು ಅನ್ನುವುದೂ ನೆನಪಿರುತ್ತದೆ. ಹಿರಿಯರ ಹತ್ತಿರ ಕೇಳಬೇಕಾದ ಪ್ರಶ್ನೆ ಬೇರೆ. ಈ ಕ್ಷೇತ್ರಕ್ಕೆ ಬಂದವರು ನಲವತ್ತೈದನೇ ವಯಸ್ಸಿಗೆ ಏನು ಮಾಡುತ್ತಿರುತ್ತಾರೆ, ಮಧ್ಯೆ ಬಿಟ್ಟು ಹೋದವರು ಎಲ್ಲಿಗೆ ಹೋದರು ಅಂತ ಅವರನ್ನು ಕೇಳಬೇಕು.

ಈಗ ಮೆಸೇಜ್ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಹಿಂಜರಿಯುವುದು. "ಅವರು ಬ್ಯುಸಿ ಇರುತ್ತಾರೆ, ನಮಗ್ಯಾಕೆ ಟೈಮ್ ಕೊಡುತ್ತಾರೆ?" ಅಂತ. ಸಹಾಯ ಕೇಳುವವರು, ಎದುರಿನವರು ಒಪ್ಪುವ ಸಾಧ್ಯತೆಯನ್ನು ಕಡಿಮೆ ಅಂದಾಜು ಮಾಡುತ್ತಾರೆ ಅಂತ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಅನ್ನುವ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. ಕೇಳುವವರು ಯೋಚಿಸುವುದು ಎದುರಿನವರಿಗೆ ಎಷ್ಟು ತೊಂದರೆ ಆಗುತ್ತದೋ ಅಂತ. ಕೇಳಿಸಿಕೊಂಡವರು ಯೋಚಿಸುವುದು, ಇಲ್ಲ ಅಂದರೆ ಎಷ್ಟು ಕಸಿವಿಸಿ ಆಗುತ್ತದೋ ಅಂತ. ನನ್ನ ಅನುಭವವೂ ಅದೇ. ಒಂದು ನೆಟ್ಟಗಿನ ಪ್ರಶ್ನೆ ಕೇಳಿದ ಹುಡುಗ ಹುಡುಗಿಯರಿಗೆ ಇಲ್ಲ ಅನ್ನಲು ನನಗೆ ಆಗುವುದಿಲ್ಲ. ಇನ್ನೊಂದು ಮಾತೂ ಇದೆ. ಮುಖತಃ ಕೇಳುವುದಕ್ಕೂ ಇಮೇಲ್ ಮಾಡುವುದಕ್ಕೂ ಅಜಗಜಾಂತರ. 2017ರ ಒಂದು ಅಧ್ಯಯನದಲ್ಲಿ ಅಪರಿಚಿತರಿಗೆ ಒಂದು ಫಾರ್ಮ್ ತುಂಬಿಕೊಡಿ ಅಂತ ಕೇಳಿಸಿದರು. ಎದುರಿಗೆ ನಿಂತು ಕೇಳಿದ್ದು ಇಮೇಲಿಗಿಂತ 34 ಪಟ್ಟು ಹೆಚ್ಚು ಫಲ ಕೊಟ್ಟಿತು. ಫಾರ್ಮ್ ತುಂಬುವುದೂ ಕೆಲಸದ ಬಗ್ಗೆ ಮಾತಾಡುವುದೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೂ ಸೆಮಿನಾರ್ ಮುಗಿದ ಮೇಲೆ ವೇದಿಕೆ ಹತ್ತಿರ ಹೋಗಿ ಎರಡು ಮಾತಾಡಿ, ಆಮೇಲೆ ಮೆಸೇಜ್ ಮಾಡಿದವರು ನನಗೆ ನೆನಪಿರುತ್ತಾರೆ. ಸುಮ್ನೆ ಮೆಸೇಜ್ ಮಾಡಿದವರು ನೆನಪಿರುವುದಿಲ್ಲ.

ಎದುರಿಗೆ ಸಿಗುವ ಅವಕಾಶ ಇಲ್ಲದಿದ್ದರೆ ಬರೆಯಲೇಬೇಕು. ಹೀಗೆ ಬರೆದರೆ ಸಾಕು:

"ನಮಸ್ತೆ ಮೇಡಂ. ನಾನು ಎರಡನೇ ವರ್ಷ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದೇನೆ. ನೀವೂ ನಮ್ಮ ಕಾಲೇಜಿನಲ್ಲೇ ಓದಿದ್ದು, ಈಗ ಆಸ್ಪತ್ರೆಗಳ ಡೇಟಾ ಮೇಲೆ ಕೆಲಸ ಮಾಡುತ್ತಿದ್ದೀರಿ ಅಂತ ನಮ್ಮ ಲೆಕ್ಚರರ್ ಹೇಳಿದರು. ಮುಂದಿನ ವರ್ಷ ಎಲೆಕ್ಟಿವ್ ಆರಿಸುವಾಗ ಆರೋಗ್ಯದ ಕಡೆ ಹೋಗಬೇಕಾ, ಬ್ಯಾಂಕಿಂಗ್ ಕಡೆಗಾ ಅಂತ ಗೊಂದಲದಲ್ಲಿದ್ದೇನೆ. ನಿಮಗೆ ಬಿಡುವಾದಾಗ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದಾ? ಆಗದಿದ್ದರೂ ಪರವಾಗಿಲ್ಲ ಮೇಡಂ."

ಇಷ್ಟೇ. ಯಾರು ಅಂತ ಗೊತ್ತಾಯಿತು. ಈ ಮೇಡಂಗೇ ಯಾಕೆ ಬರೆದರು ಅಂತ ಗೊತ್ತಾಯಿತು. ತಲೆಯಲ್ಲಿ ಇರುವ ಗೊಂದಲ ಏನು ಅಂತಲೂ ಗೊತ್ತಾಯಿತು. ಹದಿನೈದು ನಿಮಿಷ ಅಂದರೆ ಯಾರಿಗೂ ಭಾರ ಅಲ್ಲ. ರೆಸ್ಯೂಮೆ ಇಲ್ಲ ನೋಡಿ. ಅದನ್ನು ಕಳಿಸಿದ ತಕ್ಷಣ ಮಾತು ಕೆಲಸ ಕೇಳುವುದರ ಕಡೆ ತಿರುಗುತ್ತದೆ, ಅವರು ಹುಷಾರಾಗಿಬಿಡುತ್ತಾರೆ. "ನನಗೆ ಮೆಂಟರ್ ಆಗ್ತೀರಾ?" ಅಂತ ಮೊದಲ ಮೆಸೇಜಿನಲ್ಲೇ ಕೇಳುವುದೂ ಬೇಡ. ಹೆಸರೂ ಸರಿಯಾಗಿ ಗೊತ್ತಿಲ್ಲದವರನ್ನು ಮದುವೆ ಆಗುತ್ತೀರಾ ಅಂತ ಕೇಳಿದ ಹಾಗಾಗುತ್ತದೆ ಅದು.

ಚಾಟ್‌ಜಿಪಿಟಿಯಲ್ಲಿ ಬರೆಸಿ ಕಳಿಸುವವರಿಗೆ ಒಂದು ಮಾತು. ನಮಗೆ ಗೊತ್ತಾಗುತ್ತದೆ. "ನಿಮ್ಮ ಸ್ಫೂರ್ತಿದಾಯಕ ವೃತ್ತಿಪಯಣದಿಂದ ಪ್ರಭಾವಿತನಾಗಿ" ಅಂತ ಶುರುವಾದ ಮೆಸೇಜು ಬೇರೆ ಬೇರೆ ಕಾಲೇಜಿನವರಿಂದ ಅದೇ ಪದಗಳಲ್ಲಿ ಬಂದಿದ್ದಿದೆ. ತಪ್ಪು ಇಂಗ್ಲಿಷಿನಲ್ಲಿ ಬರೆದರೂ ಪರವಾಗಿಲ್ಲ, ಕನ್ನಡದಲ್ಲಿ ಬರೆದರಂತೂ ಇನ್ನೂ ಒಳ್ಳೆಯದು, ಪ್ರಶ್ನೆ ನಿಮ್ಮದಾಗಿರಲಿ.

ಉತ್ತರ ಬರಲಿಲ್ಲವಾ? ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಬಿಟ್ಟುಬಿಡಿ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅವರ ಮನೆಯಲ್ಲಿ ಏನು ನಡೆಯುತ್ತಿದೆಯೋ ಯಾರಿಗೆ ಗೊತ್ತು.

ಅವರು ಒಪ್ಪಿದರು ಅಂತಿಟ್ಟುಕೊಳ್ಳಿ. ಫೋನ್ ಮಾಡುವ ಮೊದಲು ಅವರ ಬಗ್ಗೆ ಹೊರಗೆ ಸಿಗುವುದನ್ನೆಲ್ಲ ಓದಿಕೊಂಡಿರಿ. "ನೀವು ಏನು ಕೆಲಸ ಮಾಡ್ತೀರಿ ಸರ್?" ಅಂತ ಶುರು ಮಾಡಿದರೆ ಹದಿನೈದರಲ್ಲಿ ಐದು ನಿಮಿಷ ಹೋಯಿತು. ನನಗೆ ಇಷ್ಟವಾದ ಪ್ರಶ್ನೆ ಒಂದಿದೆ: "ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?" ಸಾಮಾನ್ಯವಾಗಿ ಏನು ಮಾಡುತ್ತೀರಿ ಅಂತ ಕೇಳಿದರೆ ಜನ ಚಂದದ ಉತ್ತರ ಕೊಡುತ್ತಾರೆ. ನಿನ್ನೆ ಅಂದರೆ ಸತ್ಯ ಹೇಳಲೇಬೇಕಾಗುತ್ತದೆ. ಮೂರು ಮೀಟಿಂಗ್, ಒಂದು ಜಗಳ, ಹತ್ತು ಇಮೇಲ್, ಮಧ್ಯಾಹ್ನದ ಮೇಲೆ ಒಂದು ಗಂಟೆ ನಿಜವಾದ ಕೆಲಸ. ಇನ್ನೊಂದು: "ನಿಮ್ಮ ಜೊತೆ ಸೇರಿ ಬಿಟ್ಟು ಹೋದವರು ಯಾಕೆ ಬಿಟ್ಟರು?" ಇದಕ್ಕೆ ಬರುವ ಉತ್ತರ ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಹೊಸಬರು ಮೊದಲ ಆರು ತಿಂಗಳು ಎಲ್ಲಿ ಎಡವುತ್ತಾರೆ, ಕಾಲೇಜಿನಲ್ಲಿ ಕಲಿತದ್ದರಲ್ಲಿ ಯಾವುದು ದಿನಾ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದೇ ಇಲ್ಲ ಅಂತ ಕೇಳಬಹುದು. ಸಂಬಳದ ಬಗ್ಗೆಯೂ ಕೇಳಬಹುದು, ಆದರೆ ಅವರದ್ದಲ್ಲ. "ಹೊಸದಾಗಿ ಸೇರುವವರಿಗೆ ಎಷ್ಟರಿಂದ ಎಷ್ಟರವರೆಗೆ ಇರುತ್ತದೆ?" ಅಂದರೆ ಯಾರೂ ಮುಖ ಗಂಟು ಹಾಕುವುದಿಲ್ಲ.

ಕೊನೆಗೆ ಒಂದನ್ನು ಮರೆಯಬೇಡಿ: "ಇದರ ಬಗ್ಗೆ ನಾನು ಇನ್ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು?" ಅವರು ಒಂದು ಹೆಸರು ಕೊಟ್ಟರೆ ಮುಂದಿನವರಿಗೆ ನೀವು ಅಪರಿಚಿತರಲ್ಲ. "ಇಂಥವರು ಹೇಳಿದರು" ಅಂತ ಶುರು ಮಾಡಬಹುದು. ಒಬ್ಬರಿಂದ ಇಬ್ಬರು, ಇಬ್ಬರಿಂದ ನಾಲ್ವರು ಆಗುವುದು ಈ ಪ್ರಶ್ನೆಯಿಂದಲೇ. ಹದಿನೈದು ನಿಮಿಷ ಆದ ತಕ್ಷಣ "ಟೈಮ್ ಆಯ್ತು ಸರ್, ನಾನು ಇಡಲಾ?" ಅಂತ ನೀವೇ ಕೇಳಿ. ಮಾತಿನ ಹುಮ್ಮಸ್ಸಿನಲ್ಲಿದ್ದವರು ಪರವಾಗಿಲ್ಲ ಹೇಳು ಅನ್ನುತ್ತಾರೆ.

ಒಬ್ಬರ ಮಾತು ಕೇಳಿ ತೀರ್ಮಾನಕ್ಕೆ ಬರಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬಾಸ್ ಜೊತೆ ಜಗಳ ಆಡಿಕೊಂಡು ಬಂದವರು ಇಡೀ ಕ್ಷೇತ್ರವೇ ಹಾಳು ಅನ್ನುತ್ತಾರೆ. ನಿನ್ನೆ ಪ್ರಮೋಷನ್ ಆದವರಿಗೆ ಎಲ್ಲವೂ ಚಂದ ಕಾಣುತ್ತದೆ. ಆ ಕೆಲಸದಲ್ಲಿರುವವರು ಇಬ್ಬರು ಮೂವರು, ಬಿಟ್ಟು ಹೋದವರು ಒಬ್ಬರಾದರೂ ಬೇಕು.

ಮಾತಾಡಿದ ಮೇಲೆ ಅವತ್ತೇ ಒಂದು ಥ್ಯಾಂಕ್ಸ್ ಮೆಸೇಜ್ ಹಾಕುವುದು ಎಲ್ಲರಿಗೂ ಗೊತ್ತು. ಎರಡು ಮೂರು ತಿಂಗಳು ಬಿಟ್ಟು, ನೀವು ಹೇಳಿದ್ದನ್ನು ಮಾಡಿದೆ, ಹೀಗಾಯಿತು ಅಂತ ಬರೆಯುವವರು ತೀರಾ ಕಡಿಮೆ. ಅಲ್ಲಿಯೇ ಪರಿಚಯ ಗಟ್ಟಿಯಾಗುವುದು. ಸಲಹೆ ಕೊಟ್ಟವರಿಗೆ ಅದು ಏನಾಯಿತು ಅಂತ ತಿಳಿಯುವ ಕುತೂಹಲ ಇರುತ್ತದೆ, ಅದನ್ನು ಯಾರೂ ತಣಿಸುವುದಿಲ್ಲ. ಒಬ್ಬ ಹುಡುಗಿ ನನ್ನ ಹತ್ತಿರ ನನ್ನ ಕೆಲಸದ ಬಗ್ಗೆ ಬಹಳ ಹೊತ್ತು ಮಾತಾಡಿದ್ದಳು. ಕೆಲವು ತಿಂಗಳಾದ ಮೇಲೆ ಬರೆದಳು: ನೀವು ಹೇಳಿದ ಆ ಫ್ರೀ ಕೋರ್ಸ್ ಮಾಡಿದೆ ಸರ್, ನನಗೆ ಇದು ಆಗಿಬರುವುದಿಲ್ಲ ಅಂತ ಗೊತ್ತಾಯಿತು, ದಿನವಿಡೀ ಸ್ಕ್ರೀನ್ ಮುಂದೆ ಒಬ್ಬಳೇ ಕೂರುವುದು ನನ್ನಿಂದ ಆಗದು, ಜನರ ಜೊತೆ ಇರುವ ಕೆಲಸ ಹುಡುಕುತ್ತಿದ್ದೇನೆ ಅಂತ. ನನಗೆ ಬಂದ ಮೆಸೇಜುಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಅದು. ನನ್ನ ಕ್ಷೇತ್ರಕ್ಕೆ ಅವಳು ಬರಲಿಲ್ಲ, ಆದರೆ ಆ ಹುಡುಗಿ ಮೂರು ವರ್ಷ ಉಳಿಸಿಕೊಂಡಳು. ಮುಂದೆ ತರಬೇತಿ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಪರಿಚಯದವರ ಹೆಸರನ್ನು ನಾನೇ ಕೊಟ್ಟೆ. ಅವಳು ಕೇಳಿರಲಿಲ್ಲ.

ಇದಕ್ಕೆಲ್ಲ ಒಂದು ಶೀಟ್ ಇಟ್ಟುಕೊಳ್ಳಿ. ಯಾರು, ಯಾವಾಗ ಮಾತಾಡಿದ್ದು, ಏನು ಹೇಳಿದರು, ನೀವು ಏನು ಮಾಡುತ್ತೇನೆ ಅಂದಿರಿ. ಇಲ್ಲದಿದ್ದರೆ ಖಂಡಿತ ಮರೆಯುತ್ತದೆ.

ಮಾತಾಡುವುದೇ ಕಷ್ಟ ಅನ್ನುವವರು ಇದ್ದೀರಿ. ನಿಮಗೆ ನನ್ನ ಉಪಾಯ: ಕೈಗೆ ಒಂದು ಕೆಲಸ ಇಟ್ಟುಕೊಂಡು ಹೋಗಿ. ಕಾನ್ಫರೆನ್ಸ್‌ಗಳಲ್ಲಿ ವಿದ್ಯಾರ್ಥಿ ವಾಲಂಟಿಯರ್‌ಗಳನ್ನು ತೆಗೆದುಕೊಳ್ಳುತ್ತಾರೆ. ರಿಜಿಸ್ಟ್ರೇಷನ್ ಟೇಬಲ್ ಹಿಂದೆ ಕೂತರೆ ಬಂದವರೆಲ್ಲ ನಿಮ್ಮ ಹತ್ತಿರವೇ ಬರಬೇಕು, ಮಾತು ಶುರು ಮಾಡುವ ತಾಪತ್ರಯ ಇಲ್ಲ. ಭಾಷಣಕಾರರಿಗೆ ಮೈಕ್ ಕೊಡುವ, ಅವರನ್ನು ಹಾಲ್‌ಗೆ ಕರೆದುಕೊಂಡು ಹೋಗುವ ಕೆಲಸ ಸಿಕ್ಕರೆ ಐದು ನಿಮಿಷ ಅವರು ನಿಮ್ಮವರೇ. ಪ್ರವೇಶ ಶುಲ್ಕವೂ ಬಹಳ ಕಡೆ ಉಳಿಯುತ್ತದೆ. ಎಂಜಿನಿಯರಿಂಗ್, ಕಂಪ್ಯೂಟರ್ ಕಡೆಯವರಿಗೆ ಐಇಇಇ, ಎಸಿಎಂ ತರಹದ, ಆ ವೃತ್ತಿಯವರೇ ಸೇರಿರುವ ಅಂತರರಾಷ್ಟ್ರೀಯ ಸಂಸ್ಥೆಗಳ ವಿದ್ಯಾರ್ಥಿ ಘಟಕಗಳು ಎಷ್ಟೋ ಕಾಲೇಜುಗಳಲ್ಲಿವೆ, ಸದಸ್ಯತ್ವವೂ ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ಸಿಗುತ್ತದೆ. ಅದೂ ಬೇಡ ಅಂದರೆ ಮಾಡಿದ್ದನ್ನು ಹೊರಗೆ ಹಾಕಿ. ಕೋಡ್ ಬರೆಯುವವರಿಗೆ ಗಿಟ್‌ಹಬ್ ಇದೆ. ಉಳಿದವರು ಬ್ಲಾಗ್ ಬರೆಯಿರಿ, ಚಿತ್ರ ಹಾಕಿ, ಸಣ್ಣ ವರದಿ ಬರೆಯಿರಿ. ಆಮೇಲೆ ಮೆಸೇಜ್ ಮಾಡುವಾಗ ತೋರಿಸಲು ಏನೋ ಒಂದು ಇರುತ್ತದೆ.

ಪಕ್ಕದ ಬೆಂಚಿನವರನ್ನು ಮರೆಯುತ್ತೀರಿ ಅಂತ ಭಯ. ಹತ್ತು ವರ್ಷ ಬಿಟ್ಟು ನಿಮಗೆ ಕೆಲಸದ ಸುದ್ದಿ ಹೇಳುವವರು ಅವರೇ. ಆಗ ಅವರು ನಾಲ್ಕು ಊರು, ನಾಲ್ಕು ಕಂಪನಿಗೆ ಚದುರಿ ಹೋಗಿ, ಗ್ರನೊವೆಟರ್ ಹೇಳಿದ ಆ ದೂರದ ಪರಿಚಯ ಆಗಿರುತ್ತಾರೆ. ಗ್ರೂಪ್ ಪ್ರಾಜೆಕ್ಟಿನಲ್ಲಿ ನೀವು ಹೇಗೆ ನಡೆದುಕೊಂಡಿರಿ ಅನ್ನುವುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಅದು ಯಾವ ರೆಸ್ಯೂಮೆಯಲ್ಲೂ ಇಲ್ಲದ ಮಾಹಿತಿ.

ಈ ವ್ಯವಸ್ಥೆ ನ್ಯಾಯವಾಗಿದೆಯಾ ಅಂದರೆ, ಇಲ್ಲ. ಅಪ್ಪ ಅಮ್ಮ ದೊಡ್ಡ ಹುದ್ದೆಯಲ್ಲಿದ್ದವರ ಮಕ್ಕಳಿಗೆ ಈ ಫೋನ್ ಕರೆಗಳು ಮನೆಯ ಹಾಲ್‌ನಲ್ಲೇ ನಡೆದು ಮುಗಿದಿರುತ್ತವೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಸೊನ್ನೆಯಿಂದ ಶುರು ಮಾಡಬೇಕು. ರೆಫರಲ್ ಮೇಲೇ ಜನರನ್ನು ತೆಗೆದುಕೊಳ್ಳುವ ಕಂಪನಿಗಳಲ್ಲಿ ಕ್ರಮೇಣ ಒಂದೇ ತರಹದವರು ತುಂಬಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಇದನ್ನು ಬದಲಿಸಬೇಕಾದದ್ದು ಕಂಪನಿಗಳು, ವಿದ್ಯಾರ್ಥಿಗಳಲ್ಲ. ಅಲ್ಲಿಯವರೆಗೆ, ಯಾರ ಪರಿಚಯವೂ ಇಲ್ಲದವರು ಲೆಕ್ಚರರ್ ಮತ್ತು ಇತ್ತೀಚೆಗೆ ಪಾಸಾದ ಸೀನಿಯರ್‌ಗಳಿಂದ ಶುರು ಮಾಡಿ. ಪರಿಚಯ ಇರುವವರು ಇನ್ನೊಬ್ಬ ಫ್ರೆಂಡನ್ನೂ ಆ ಕರೆಗೆ ಸೇರಿಸಿಕೊಳ್ಳಿ. ನಿಮಗೆ ಏನೂ ಕಡಿಮೆ ಆಗುವುದಿಲ್ಲ.

ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆ ಹೇಳದೆ ಹೋದರೆ ಸರಿ ಆಗುವುದಿಲ್ಲ. ನೀವು ಹುಡುಕುತ್ತಿದ್ದೀರಿ ಅಂತ ಗೊತ್ತಾದ ಕೂಡಲೇ ನಿಮ್ಮನ್ನು ಹುಡುಕಿಕೊಂಡು ಬರುವವರೂ ಇರುತ್ತಾರೆ. ಇಂಟರ್‌ವ್ಯೂ ಇಲ್ಲದೆ ಕೆಲಸ ಅನ್ನುವವರು, ಟ್ರೇನಿಂಗ್ ಫೀಸೋ ಡೆಪಾಸಿಟ್ಟೋ ಮೊದಲೇ ಕಟ್ಟಿ ಅನ್ನುವವರು, ಗುರುತಿನ ಚೀಟಿ ಅಥವಾ ಒಟಿಪಿ ಕೇಳುವವರು. ಮೊದಲ ಸಲ ಭೇಟಿ ಆಗುವುದಿದ್ದರೆ ಆಫೀಸಿನಲ್ಲೋ ಜನ ಓಡಾಡುವ ಜಾಗದಲ್ಲೋ ಆಗಲಿ, ಮನೆಗೆ ಬಾ ಅಂದರೆ ಬೇಡ ಅನ್ನಿ. ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಕಳಿಸಿ. ಅದೇ ನಂಬರಿನಿಂದ ನಿಮ್ಮ ಜೂನಿಯರ್‌ಗಳಿಗೂ ಮೆಸೇಜ್ ಹೋಗಿರುವ ಸಾಧ್ಯತೆ ಇದೆ.